ಫೋಟೋ ಏರುತ್ತಿಲ್ಲವೇ? ಮೊದಲು ಪಿಕ್ಸೆಲ್ ಕತ್ತರಿಸಿ, ಕ್ವಾಲಿಟಿ ಆಮೇಲೆ ನೋಡೋಣ

ಅರ್ಜಿ ತುಂಬುವ ಕಾಲ ಬಂತೆಂದರೆ ಬಾಗಲಕೋಟೆ ನವನಗರದ ಕಂಪ್ಯೂಟರ್ ಅಂಗಡಿಗಳಲ್ಲಿ ಒಂದೇ ಮಾತು: "ಅಣ್ಣಾರ, ಫೋಟೋ ತಗೋವಲ್ದು ನೋಡ್ರಿ." ಕೊನೆಯ ದಿನಾಂಕ, ನಿಧಾನವಾದ ಸರ್ವರ್, ಪರದೆಯಲ್ಲಿ ಕೆಂಪಕ್ಷರದ ಎಚ್ಚರಿಕೆ. ಅಂಗಡಿಯ ಹುಡುಗ ಹುಡುಕಿದಾಗ ಮೊದಲು ಸಿಕ್ಕ ಯಾವುದೋ ತಾಣಕ್ಕೆ ಫೋಟೋ ಹಾಕುತ್ತಾನೆ, ಸ್ಲೈಡರನ್ನು ಎಡಕ್ಕೆ ಎಳೆಯುತ್ತಾನೆ, ಮುಖ ಮಸುಕಾದ ಒಂದು ಚಿತ್ರ ಏರಿಸಿ "ಆತ್ರೀ" ಅನ್ನುತ್ತಾನೆ. ಅತ್ತ ಇಳಕಲ್‌ನಲ್ಲಿ ಆನ್‌ಲೈನ್ ಸೀರೆ ಮಾರುವವರದು ಇನ್ನೊಂದು ಗೋಳು. ಫೋನಿನಲ್ಲಿ ಮುದ್ದಾಗಿ ಕಾಣುವ ಸೆರಗು ವೆಬ್‌ಸೈಟಿಗೆ ಏರುವುದೇ ಇಲ್ಲ, ಏರಿದರೆ ಕೆಂಪು ಬಣ್ಣ ಬಿಳಿ ತೆನೆಯ ಮೇಲೆ ಹರಡಿಕೊಂಡು ಕೂರುತ್ತದೆ.

ಎರಡೂ ಕಡೆ ರೋಗ ಒಂದೇ. ಚಿತ್ರ ಭಾರವಾಯಿತು ಅಂದ ಕೂಡಲೇ ನಾವು ಮೊದಲು ಕೈ ಹಾಕುವುದು ಕ್ವಾಲಿಟಿಗೆ. ನನ್ನ ಪ್ರಕಾರ ಅದಕ್ಕೆ ಕೈ ಹಾಕಬೇಕಾದ್ದು ಕಟ್ಟಕಡೆಗೆ. ಮೊದಲು ಪಿಕ್ಸೆಲ್ (ಚಿತ್ರವನ್ನು ಕಟ್ಟಿದ ಬಣ್ಣದ ಚುಕ್ಕೆಗಳು) ಇಳಿಸಬೇಕು, ಆಮೇಲೆ ಸರಿಯಾದ ಫಾರ್ಮ್ಯಾಟ್ ಆರಿಸಬೇಕು, ಅಷ್ಟಾದರೂ ತೂಕ ಉಳಿದರೆ ಮಾತ್ರ ಕ್ವಾಲಿಟಿ ಮುಟ್ಟಬೇಕು. ಈ ಕ್ರಮದಲ್ಲಿ ಹೋದರೆ ಬಹುತೇಕ ಸಲ ಮೂರನೆಯ ಹೆಜ್ಜೆಯ ಅಗತ್ಯವೇ ಬೀಳುವುದಿಲ್ಲ.

ಮಿತಿ ಯಾವುದಕ್ಕೆ ಅಂತ ಮೊದಲು ಓದಿ

‘ಸೈಜ್’ ಅಂತ ನಾವು ಅನ್ನುವುದರಲ್ಲಿ ಎರಡು ಬೇರೆ ಸಂಗತಿಗಳಿವೆ. ಒಂದು, ಚಿತ್ರದ ಅಳತೆ: ಅಗಲಕ್ಕೆ ಎಷ್ಟು ಪಿಕ್ಸೆಲ್, ಎತ್ತರಕ್ಕೆ ಎಷ್ಟು. ಇನ್ನೊಂದು, ಫೈಲಿನ ತೂಕ: ಎಷ್ಟು ಕೆಬಿ, ಎಷ್ಟು ಎಂಬಿ. ಕೆಲವು ತಾಣಗಳು ತೂಕ ಮಾತ್ರ ನೋಡುತ್ತವೆ, ಕೆಲವು ಎರಡನ್ನೂ. ಸರ್ಕಾರಿ, ಬ್ಯಾಂಕ್ ಅರ್ಜಿಗಳಲ್ಲಿ ಕನಿಷ್ಠ ತೂಕವೂ ಇರುತ್ತದೆ, ಜನ ಎಡವುವುದು ಅಲ್ಲೇ. ಷರತ್ತುಗಳು ಎಷ್ಟಿರುತ್ತವೆ ಎಂಬುದಕ್ಕೆ ಒಂದು ಉದಾಹರಣೆ: ಅಮೆರಿಕದ ವೀಸಾ ಅರ್ಜಿಗೆ ಚೌಕಾಕಾರದ ಫೋಟೋ ಬೇಕು. ಅಳತೆ 600×600ರಿಂದ 1200×1200 ಪಿಕ್ಸೆಲ್ ನಡುವೆ ಇರಬೇಕು, ತೂಕ 240 ಕೆಬಿ ಮೀರಬಾರದು, ಫಾರ್ಮ್ಯಾಟ್ ಜೆಪೆಗ್ ಆಗಿರಬೇಕು. ಒಂದೇ ಫೋಟೋಗೆ ಎಷ್ಟೊಂದು ಷರತ್ತು ನೋಡಿ. ಇವನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಕೆಲಸಕ್ಕೆ ಕುಳಿತರೆ ಅರ್ಧ ತಲೆನೋವು ಕಡಿಮೆ.

ತೂಕ ನೋಡುವಾಗ ಒಂದು ಸಣ್ಣ ಎಚ್ಚರ. ವಿಂಡೋಸ್‌ನಲ್ಲಿ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಪ್ರಾಪರ್ಟೀಸ್’ ತೆರೆದರೆ ‘ಸೈಜ್’, ‘ಸೈಜ್ ಆನ್ ಡಿಸ್ಕ್’ ಅಂತ ಎರಡು ಸಂಖ್ಯೆ ಕಾಣುತ್ತವೆ. ನಮಗೆ ಬೇಕಾದದ್ದು ಮೊದಲನೆಯದು. 50 ಕೆಬಿ ಅಂದರೆ ಕೆಲವು ಕಡೆ 50,000 ಬೈಟ್, ಕೆಲವು ಕಡೆ 51,200 ಬೈಟ್. ಆದ್ದರಿಂದ ಮಿತಿ 50 ಇದ್ದರೆ 48ಕ್ಕೆ ನಿಲ್ಲಿಸಿ, ಜಗಳವೇ ಬೇಡ.

ಮೂಲ ಫೋಟೋ ಕೈಗೆ ಬರಲಿ

ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೋ ಆಗಲೇ ಒಂದು ಸಲ ಕುಗ್ಗಿದ್ದು, ಒಂದು ಸಲ ಒತ್ತಿಸಿಕೊಂಡದ್ದು (ಕಂಪ್ರೆಸ್ ಆದದ್ದು). ಅದನ್ನೇ ಮತ್ತೆ ಕುಗ್ಗಿಸಿದರೆ ನಷ್ಟದ ಮೇಲೆ ನಷ್ಟ. ಜೆಪೆಗ್ ಅನ್ನು ತೆರೆದು, ತಿದ್ದಿ, ಮತ್ತೆ ಜೆಪೆಗ್ ಆಗಿ ಉಳಿಸಿದಾಗಲೆಲ್ಲ ಮಾಹಿತಿ ಸ್ವಲ್ಪ ಸ್ವಲ್ಪ ಹೋಗುತ್ತಲೇ ಇರುತ್ತದೆ, ಹೋದದ್ದು ಮರಳಿ ಬರುವುದಿಲ್ಲ. ಸ್ಟುಡಿಯೋದವರಿಗೋ ಊರಲ್ಲಿರುವ ತಮ್ಮನಿಗೋ "ಡಾಕ್ಯುಮೆಂಟ್ ಅಂತ ಕಳಸು" ಅಂತ ಹೇಳಿ. ವಾಟ್ಸಾಪ್‌ನಲ್ಲಿ ಪಿನ್ ಗುರುತು ಒತ್ತಿ ‘ಡಾಕ್ಯುಮೆಂಟ್’ ಆರಿಸಿ ಕಳಿಸಿದರೆ ಫೈಲ್ ಇದ್ದಂತೆಯೇ ಬರುತ್ತದೆ. 2023ರಲ್ಲಿ ಬಂದ ‘ಎಚ್‌ಡಿ’ ಆಯ್ಕೆ ವಾಸಿ, ಆದರೂ ಅದು ಮೂಲವಲ್ಲ.

ಮೂಲವನ್ನು ಒಂದು ಫೋಲ್ಡರಿನಲ್ಲಿ ಹಾಗೇ ಬಿಡಿ. ಕತ್ತರಿಸುವುದು, ಕುಗ್ಗಿಸುವುದು ಎಲ್ಲ ನಕಲಿನ ಮೇಲೆ ನಡೆಯಲಿ. ಒಂದು ಪ್ರಯತ್ನ ಕೆಟ್ಟರೆ ಕೆಟ್ಟ ನಕಲನ್ನು ತಿದ್ದಲು ಹೋಗದೆ ಮೂಲದಿಂದಲೇ ಮತ್ತೆ ಶುರು ಮಾಡಿ.

ಕತ್ತರಿಸಿ, ಆಮೇಲೆ ಅಳತೆ ಇಳಿಸಿ

ಇಲ್ಲಿ ಸ್ವಲ್ಪ ಲೆಕ್ಕ ಬೇಕು. 12 ಮೆಗಾಪಿಕ್ಸೆಲ್ ಫೋನಿನ ಫೋಟೋ 4000×3000, ಅಂದರೆ 1 ಕೋಟಿ 20 ಲಕ್ಷ ಪಿಕ್ಸೆಲ್. ಪ್ರತಿ ಪಿಕ್ಸೆಲ್‌ಗೂ ಕೆಂಪು, ಹಸಿರು, ನೀಲಿಗೆ ಒಂದೊಂದು ಬೈಟ್ ಹಿಡಿದರೆ ಒತ್ತುವ ಮುನ್ನ ಅದರ ತೂಕ 3 ಕೋಟಿ 60 ಲಕ್ಷ ಬೈಟ್, ಹತ್ತಿರ ಹತ್ತಿರ 36 ಎಂಬಿ. ಫೋನು ಅದನ್ನು ಜೆಪೆಗ್ ಮಾಡಿ ಕೆಲವೇ ಎಂಬಿಗೆ ಇಳಿಸಿ ಕೊಡುತ್ತದೆ. ಅದನ್ನೇ 1600×1200ಕ್ಕೆ ಇಳಿಸಿದರೆ ಪಿಕ್ಸೆಲ್ 19 ಲಕ್ಷ 20 ಸಾವಿರ, ಆರನೆಯ ಒಂದು ಪಾಲಿಗಿಂತ ಕಡಿಮೆ. ಕ್ವಾಲಿಟಿ ಮುಟ್ಟದೆಯೇ ತೂಕ ಸರಸರನೆ ಇಳಿಯುತ್ತದೆ. ಅಗಲ, ಎತ್ತರ ಎರಡನ್ನೂ ಅರ್ಧ ಮಾಡಿದರೆ ಪಿಕ್ಸೆಲ್ ಉಳಿಯುವುದು ಕಾಲು ಭಾಗ. ಈ ಒಂದು ಗುಣಾಕಾರ ನೆನಪಿದ್ದರೆ ಸಾಕು.

ಕುಗ್ಗಿಸುವ ಮುನ್ನ ಕತ್ತರಿಸಿ. ಅರ್ಜಿಯ ಫೋಟೋದಲ್ಲಿ ಮುಖ, ಭುಜ ಬಿಟ್ಟು ಹಿಂದಿನ ಗೋಡೆ, ಕ್ಯಾಲೆಂಡರ್, ಕಿಟಕಿ ಯಾಕೆ ಬೇಕು? ಮಾರಾಟದ ಸೀರೆಯ ಫೋಟೋದಲ್ಲಿ ಕಾಲ ಬುಡದ ಚಾಪೆ ಯಾಕೆ? ಬೇಡದ್ದು ಹೋದರೆ ಬೇಕಾದ್ದಕ್ಕೆ ಹೆಚ್ಚು ಪಿಕ್ಸೆಲ್ ಸಿಗುತ್ತದೆ.

ವಿಂಡೋಸ್‌ನ ಪೇಂಟ್‌ನಲ್ಲಿ ‘ರಿಸೈಜ್’ ಒತ್ತಿ, ‘ಪಿಕ್ಸೆಲ್ಸ್’ ಆರಿಸಿ, ಅಗಲ ಕೊಟ್ಟರೆ ಎತ್ತರ ತಾನೇ ಹೊಂದಿಕೊಳ್ಳುತ್ತದೆ. ಅನುಪಾತ ಕಾಯುವ ಗುರುತು ಬಿದ್ದಿದೆಯೇ ನೋಡಿಕೊಳ್ಳಿ, ಇಲ್ಲದಿದ್ದರೆ ಮುಖ ಕುಂಬಳಕಾಯಿ ಆಗುತ್ತದೆ. ಪೇಂಟ್‌ನಲ್ಲಿ ಕ್ವಾಲಿಟಿ ಬದಲಿಸುವ ದಾರಿ ಇಲ್ಲ. ಅದು ಬೇಕಿದ್ದವರು ಉಚಿತವಾಗಿ ಸಿಗುವ ಜಿಂಪ್ ಅಥವಾ ಇರ್ಫಾನ್‌ವ್ಯೂ ಹಾಕಿಕೊಳ್ಳಬಹುದು. ಏನೂ ಹಾಕಿಕೊಳ್ಳದೆ ಬ್ರೌಸರಿನಲ್ಲೇ ಮುಗಿಸುವವರಿಗೆ ಗೂಗಲ್ ಕ್ರೋಮ್ ತಂಡದವರ ಸ್ಕ್ವೂಶ್ ಇದೆ. ನನಗೆ ಇಷ್ಟವಾದದ್ದು ಅದೇ. ಚಿತ್ರ ನಿಮ್ಮ ಯಂತ್ರ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ, ಎಡಕ್ಕೆ ಮೂಲ, ಬಲಕ್ಕೆ ಒತ್ತಿದ್ದು, ಕೆಳಗೆ ಎಷ್ಟು ಕೆಬಿ ಅಂತ ಅಲ್ಲೇ ಕಾಣುತ್ತದೆ.

ಇನ್ನು ಡಿಪಿಐ. "300 ಡಿಪಿಐ ಮಾಡಿಕೊಡ್ರಿ" ಅಂತ ಕೇಳಿಕೊಂಡು ಬರುವವರು ಬಹಳ. ಅದು ಮುದ್ರಣಕ್ಕೆ ಕೊಡುವ ಸೂಚನೆ ಅಷ್ಟೆ. ಒಂದು ಇಂಚಿನಲ್ಲಿ ಎಷ್ಟು ಚುಕ್ಕೆ ಕೂರಿಸಬೇಕು ಎಂಬ ಸಂಖ್ಯೆ ಅದು. 413×531 ಪಿಕ್ಸೆಲ್‌ನ ಫೋಟೋಗೆ 72 ಅಂತ ಬರೆದರೂ 300 ಅಂತ ಬರೆದರೂ ಫೈಲಿನ ತೂಕ ಬದಲಾಗುವುದಿಲ್ಲ. ಅಂದಹಾಗೆ 3.5×4.5 ಸೆಂಟಿಮೀಟರಿನ ಪಾಸ್‌ಪೋರ್ಟ್ ಫೋಟೋ 300 ಡಿಪಿಐನಲ್ಲಿ ಬರುವುದು ಇದೇ 413×531. ಅರ್ಜಿಯಲ್ಲಿ ಸೆಂಟಿಮೀಟರ್ ಮತ್ತು ಡಿಪಿಐ ಕೊಟ್ಟಿದ್ದರೆ ಸೆಂಟಿಮೀಟರನ್ನು 2.54ರಿಂದ ಭಾಗಿಸಿ ಡಿಪಿಐಯಿಂದ ಗುಣಿಸಿ, ಪಿಕ್ಸೆಲ್ ಸಿಗುತ್ತದೆ.

ಯಾವ ಚಿತ್ರಕ್ಕೆ ಯಾವ ಫಾರ್ಮ್ಯಾಟ್

ಕ್ಯಾಮೆರಾದಿಂದ ಬಂದ ಫೋಟೋ ಎಂದರೆ ಜೆಪೆಗ್. 1992ರಿಂದ ಇರುವ ಮಾನದಂಡ, ಇದನ್ನು ಒಪ್ಪದ ತಾಣ ಸಿಗುವುದು ಕಷ್ಟ. ಅಂಗಡಿಯ ಲೋಗೋ, ಬೆಲೆಪಟ್ಟಿಯ ಸ್ಕ್ರೀನ್‌ಶಾಟ್, ಅಕ್ಷರ ತುಂಬಿದ ಚಿತ್ರ, ಹಿನ್ನೆಲೆ ಪಾರದರ್ಶಕ ಬೇಕಾದದ್ದು, ಇವುಗಳಿಗೆ ಪಿಎನ್‌ಜಿ. ಇದು 1996ರದ್ದು. ಆಗ ಜಿಫ್ ಫೈಲು ಬಳಸುತ್ತಿದ್ದ ಒತ್ತುವ ವಿಧಾನಕ್ಕೆ ಪೇಟೆಂಟ್ ಇತ್ತು, ಆ ಕಾಟ ತಪ್ಪಿಸಿಕೊಳ್ಳಲು ಹುಟ್ಟಿದ್ದು. ಪಿಎನ್‌ಜಿ ಒಂದು ಪಿಕ್ಸೆಲನ್ನೂ ಬಿಟ್ಟುಕೊಡುವುದಿಲ್ಲ, ಅದೇ ಅದರ ಗುಣ, ಅದೇ ಅದರ ದೋಷ. ಒಂದೇ ಬಣ್ಣದ ಬಯಲು ಜಾಗವಿರುವ ಲೋಗೋ ಅದರಲ್ಲಿ ಪುಟ್ಟದಾಗುತ್ತದೆ, ಫೋಟೋ ಮಾತ್ರ ಜೆಪೆಗ್‌ಗಿಂತ ಎಷ್ಟೋ ಪಟ್ಟು ಊದಿಕೊಳ್ಳುತ್ತದೆ. "ಪಿಎನ್‌ಜಿ ಒಳ್ಳೇ ಕ್ವಾಲಿಟಿ" ಅಂತ ಯಾರೋ ಹೇಳಿದ್ದು ಕೇಳಿ ಸೀರೆಯ ಫೋಟೋಗಳನ್ನೆಲ್ಲ ಪಿಎನ್‌ಜಿ ಮಾಡಿದವರು ಮಿತಿಗೆ ಸಿಕ್ಕಿಹಾಕಿಕೊಳ್ಳುವುದು ಹೀಗೆ. ಲೋಗೋದಲ್ಲಿ ಬಣ್ಣ ಕಡಿಮೆ ಇದ್ದರೆ 256 ಬಣ್ಣದ ಪಿಎನ್‌ಜಿ ಆಗಿ ಉಳಿಸಿ, ಇನ್ನೂ ಹಗುರಾಗುತ್ತದೆ.

ಐಫೋನ್‌ನವರಿಗೆ ಒಂದು ಮಾತು. 2017ರ ಐಒಎಸ್ 11ರಿಂದ ಆ ಫೋನುಗಳು ಎಚ್‌ಇಐಸಿ ಫಾರ್ಮ್ಯಾಟಿನಲ್ಲಿ ಫೋಟೋ ಉಳಿಸುತ್ತವೆ. ತೂಕ ಕಡಿಮೆ, ಆದರೆ ಅರ್ಜಿ ತಾಣಗಳಲ್ಲಿ ಹೆಚ್ಚಿನವು ಅದನ್ನು ಗುರುತೇ ಹಿಡಿಯುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ‘ಕ್ಯಾಮೆರಾ’, ಅದರೊಳಗೆ ‘ಫಾರ್ಮ್ಯಾಟ್ಸ್’, ಅಲ್ಲಿ ‘ಮೋಸ್ಟ್ ಕಂಪ್ಯಾಟಿಬಲ್’ ಆರಿಸಿದರೆ ಮುಂದಿನ ಫೋಟೋಗಳು ಜೆಪೆಗ್ ಆಗಿ ಬೀಳುತ್ತವೆ.

ವೆಬ್‌ಪಿ ಗೂಗಲ್‌ನವರು 2010ರಲ್ಲಿ ತಂದದ್ದು. ಅಷ್ಟೇ ಚೆಂದ ಕಾಣುವ ಜೆಪೆಗ್‌ಗಿಂತ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಹಗುರ ಎಂಬುದು ಅವರ ಅಳತೆ. ನಿಮ್ಮದೇ ವೆಬ್‌ಸೈಟ್ ಇದ್ದರೆ ಧಾರಾಳವಾಗಿ ಬಳಸಿ. ಅರ್ಜಿಗಳಿಗೆ ಬೇಡ. ಎವಿಐಎಫ್ ಇನ್ನೂ ಹಗುರ, ಸ್ವೀಕರಿಸುವವರು ಮಾತ್ರ ಇನ್ನೂ ಕಡಿಮೆ.

ಒಂದೇ ಅಳತೆ, ಬೇರೆ ಬೇರೆ ತೂಕ

ಒಂದೇ ಫೋನು, ಒಂದೇ 4000×3000. ಗೋಲಗುಮ್ಮಟವನ್ನು ನೀಲಿ ಆಕಾಶದ ಎದುರು ದೂರದಿಂದ ತೆಗೆದ ಫೋಟೋ ಹಗುರ. ಬಾದಾಮಿಯ ಕೆಂಪು ಬಂಡೆಯನ್ನು ಚೌಕಟ್ಟು ತುಂಬ ತೆಗೆದದ್ದು ಭಾರ. ಗುಳೇದಗುಡ್ಡ ಖಣವನ್ನು ಹತ್ತಿರದಿಂದ ತೆಗೆದರೆ ಅದೂ ಭಾರವೇ, ನೇಯ್ದ ಆ ಸಣ್ಣ ಸಣ್ಣ ಬುಟ್ಟಿ ವಿನ್ಯಾಸ ಎಲ್ಲ ಲೆಕ್ಕಕ್ಕೆ ಬರುತ್ತವಲ್ಲ. ಯಾಕೆ ಹೀಗೆ ಅಂತ ತಿಳಿದರೆ ಮುಂದಿನದೆಲ್ಲ ಸುಲಭ.

ಜೆಪೆಗ್ ಚಿತ್ರವನ್ನು ನೇಕಾರರ ಗ್ರಾಫ್ ಕಾಗದದ ಹಾಗೆ ಚೌಕ ಚೌಕ ಮಾಡುತ್ತದೆ. ಒಂದೊಂದು ಚೌಕಕ್ಕೂ 8×8 ಪಿಕ್ಸೆಲ್. ಆಮೇಲೆ ಆ ಚೌಕದಲ್ಲಿ ನಿಧಾನವಾಗಿ ಬದಲಾಗುವ ಛಾಯೆ ಎಷ್ಟು, ಸರಕ್ಕನೆ ಬದಲಾಗುವ ಗೆರೆ, ಚುಕ್ಕೆ ಎಷ್ಟು ಅಂತ ಬೇರ್ಪಡಿಸುತ್ತದೆ. ಕಣ್ಣಿಗೆ ಅಷ್ಟಾಗಿ ತಿಳಿಯದ ಸೂಕ್ಷ್ಮವನ್ನು ಒರಟಾಗಿ ದುಂಡು ಮಾಡಿ ಬಿಸಾಕುತ್ತದೆ. ಕ್ವಾಲಿಟಿ ಸ್ಲೈಡರ್ ಹೇಳುವುದು ಎಷ್ಟು ಒರಟಾಗಿ ಎಂಬುದನ್ನು. ಬರೀ ಆಕಾಶದ ಚೌಕದಲ್ಲಿ ಬರೆದಿಡಲು ಹೆಚ್ಚೇನೂ ಇಲ್ಲ. ಬಂಡೆಯ ಚೌಕದಲ್ಲಿ ಪ್ರತಿ ಕಣವೂ ಬೇರೆ.

ಇದರಿಂದ ಕೈಗೆ ಸಿಗುವ ಉಪಾಯ: ಫೋಟೋ ತೆಗೆಯುವಾಗಲೇ ತೂಕ ಇಳಿಸಬಹುದು. ರಾತ್ರಿ ಟ್ಯೂಬ್‌ಲೈಟಿನ ಮಂದ ಬೆಳಕಲ್ಲಿ ತೆಗೆದ ಫೋಟೋದಲ್ಲಿ ಮರಳು ಚೆಲ್ಲಿದಂಥ ಕಣಗಳಿರುತ್ತವೆ. ಅದನ್ನೂ ಜೆಪೆಗ್ ನಿಷ್ಠೆಯಿಂದ ಬರೆದಿಡಲು ನೋಡುತ್ತದೆ, ಕೆಬಿಯೆಲ್ಲ ಅದಕ್ಕೇ ಖರ್ಚು. ಬೆಳಗಿನ ಹೊತ್ತು ಪಡಸಾಲೆಯಲ್ಲಿ, ಬಿಸಿಲು ನೇರ ಬೀಳದ ಕಡೆ, ಸಾದಾ ಗೋಡೆಯ ಮುಂದೆ ಸೀರೆ ಹರವಿ ತೆಗೆದರೆ ಅದೇ ಅಳತೆಯ ಚಿತ್ರ ಹಗುರವೂ ಆಗುತ್ತದೆ, ಸ್ಪಷ್ಟವೂ ಆಗುತ್ತದೆ.

ಈಗ ಇಳಕಲ್ ಸೆರಗಿನ ಕೆಂಪಿಗೆ ಬರೋಣ. ಸೀರೆ ವ್ಯಾಪಾರಿಗಳು ಬಹಳ ಜನ ಫೋನನ್ನು ಬೈಯುತ್ತಾರೆ, ತಪ್ಪು ಅದರದ್ದಲ್ಲ. ನಮ್ಮ ಕಣ್ಣು ಬೆಳಕು–ಕತ್ತಲೆಯ ವ್ಯತ್ಯಾಸವನ್ನು ಚುರುಕಾಗಿ ಹಿಡಿಯುತ್ತದೆ, ಬಣ್ಣದ ವ್ಯತ್ಯಾಸವನ್ನು ಅಷ್ಟು ಚುರುಕಾಗಿ ಹಿಡಿಯುವುದಿಲ್ಲ. ಅದನ್ನು ಬಳಸಿಕೊಂಡು ಜೆಪೆಗ್ ಬೆಳಕಿನ ಮಾಹಿತಿಯನ್ನು ಪ್ರತಿ ಪಿಕ್ಸೆಲ್‌ಗೂ ಇಟ್ಟುಕೊಂಡು, ಬಣ್ಣವನ್ನು ಮಾತ್ರ ಸಾಮಾನ್ಯವಾಗಿ ನಾಲ್ಕು ಪಿಕ್ಸೆಲ್‌ಗೆ ಒಂದರಂತೆ ಉಳಿಸುತ್ತದೆ. ಇದನ್ನು 4:2:0 ಎನ್ನುತ್ತಾರೆ. ಒತ್ತುವ ಕೆಲಸ ಶುರುವಾಗುವ ಮುನ್ನವೇ ಅರ್ಧ ಮಾಹಿತಿ ಉಳಿತಾಯ. ಮುಖದ ಫೋಟೋ, ಹೊಲ, ಗುಡ್ಡ ಯಾವುದಕ್ಕೂ ಇದು ತಿಳಿಯುವುದೇ ಇಲ್ಲ. ಆದರೆ ಟೋಪ್ ತೆನಿ ಸೆರಗಿನಲ್ಲಿ ಗಾಢ ಕೆಂಪಿನ ಮಗ್ಗುಲಲ್ಲೇ ಚೂಪಾದ ಬಿಳಿ. ಅಲ್ಲಿ ಬಣ್ಣ ಗಡಿ ದಾಟಿ ಹರಿಯುತ್ತದೆ, ಬಿಳಿ ತೆನೆಗೆ ಗುಲಾಬಿ ಅಂಚು ಬರುತ್ತದೆ. ಕಪ್ಪು ಒಡಲಿನ ಮೇಲೆ ಕೆಂಪು ದಡಿ ಇದ್ದರಂತೂ ಇನ್ನೂ ಎದ್ದು ಕಾಣುತ್ತದೆ, ಎರಡೂ ಬಣ್ಣ ಕತ್ತಲೆ ಕಡೆಯವೇ ಆದ್ದರಿಂದ ಅಂಚು ಹಿಡಿದಿಡಲು ಬೆಳಕಿನ ವ್ಯತ್ಯಾಸದ ಆಸರೆ ಕಡಿಮೆ.

ಮದ್ದು ಸರಳ. ಜಿಂಪ್‌ನಲ್ಲಿ ಜೆಪೆಗ್ ಆಗಿ ಎಕ್ಸ್‌ಪೋರ್ಟ್ ಮಾಡುವಾಗ ಮುಂದುವರಿದ ಆಯ್ಕೆಗಳಲ್ಲಿ ‘ಸಬ್‌ಸ್ಯಾಂಪ್ಲಿಂಗ್’ ಇದೆ, ಅಲ್ಲಿ 4:4:4 (ಬಣ್ಣವನ್ನೂ ಪ್ರತಿ ಪಿಕ್ಸೆಲ್‌ಗೆ ಉಳಿಸುವುದು) ಆರಿಸಿ. ತೂಕ ಸ್ವಲ್ಪ ಏರುತ್ತದೆ, ಅದನ್ನು ಕ್ವಾಲಿಟಿಯಲ್ಲಿ ಒಂದೆರಡು ಮೆಟ್ಟಿಲು ಇಳಿಸಿ ಸರಿದೂಗಿಸಿ. ಇಂಥ ಕೆಂಪಿಗೆ, ಕ್ವಾಲಿಟಿ 75ರ 4:4:4 ಚಿತ್ರ ಕ್ವಾಲಿಟಿ 85ರ 4:2:0 ಚಿತ್ರಕ್ಕಿಂತ ಚೆಂದ ಎನ್ನುವುದು ನನ್ನ ಕಣ್ಣಿನ ತೀರ್ಪು. ನೀವೂ ಪಕ್ಕಪಕ್ಕ ಇಟ್ಟು ನೋಡಿ. ಇಲ್ಲಿ ವೆಬ್‌ಪಿ ಕೈಕೊಡುತ್ತದೆ: ನಷ್ಟ ಒಪ್ಪಿಕೊಂಡು ಒತ್ತುವ ವೆಬ್‌ಪಿ ಯಾವಾಗಲೂ 4:2:0 ಮಾತ್ರ. ಸ್ಕ್ವೂಶ್‌ನಲ್ಲಿ ಬಣ್ಣದ ಅಂಚನ್ನು ಚೂಪಾಗಿಸುವ ‘ಶಾರ್ಪ್’ ಆಯ್ಕೆ ಹಾಕಿದರೆ ಸ್ವಲ್ಪ ಸುಧಾರಿಸುತ್ತದೆ. ಸೆರಗಿನ ಕ್ಲೋಸಪ್‌ಗೆ ಜೆಪೆಗ್, ಉಳಿದದ್ದಕ್ಕೆ ವೆಬ್‌ಪಿ ಅಂತ ಹಂಚಿಕೊಂಡರೂ ನಡೆಯುತ್ತದೆ.

ಒಡಲಿನ ಸಣ್ಣ ಚೌಕಡಿಯದು ಇನ್ನೊಂದು ಸಮಸ್ಯೆ. ಅಳತೆ ಇಳಿಸಿದಾಗ ಅಲ್ಲಿ ಇಲ್ಲದ ಅಲೆ ಅಲೆ ವಿನ್ಯಾಸ ಹುಟ್ಟುತ್ತದೆ. ಕುಗ್ಗಿಸುವ ವಿಧಾನದಲ್ಲಿ ‘ಲ್ಯಾಂಕ್ಜೋಸ್’ ಅಥವಾ ‘ಬೈಕ್ಯೂಬಿಕ್’ ಇರಲಿ. ಆದರೂ ಅಲೆ ಹೋಗದಿದ್ದರೆ ಇಡೀ ಸೀರೆಯ ಒಂದು ಫೋಟೋ, ಬಟ್ಟೆಯ ಹತ್ತಿರದ ಒಂದು ಫೋಟೋ ಅಂತ ಎರಡು ಹಾಕಿ. ಗಿರಾಕಿಗೂ ಅದೇ ಬೇಕು.

ಕ್ವಾಲಿಟಿಯ ಸಂಖ್ಯೆ ಬಗ್ಗೆ ಎರಡೇ ಮಾತು. ಅದು ಶೇಕಡಾವಾರು ಅಲ್ಲ. ಒಂದು ಸಾಫ್ಟ್‌ವೇರಿನ 80 ಇನ್ನೊಂದರ 80 ಆಗಿರಬೇಕಿಲ್ಲ. 100ರಿಂದ 85ಕ್ಕೆ ಬಂದರೆ ತೂಕ ದಪ್ಪನೆ ಬೀಳುತ್ತದೆ, ಕಣ್ಣಿಗೆ ಏನೂ ತಿಳಿಯುವುದಿಲ್ಲ. 50ರ ಕೆಳಗೆ ಉಳಿತಾಯ ಕಡಿಮೆ, ಹಾನಿ ಹೆಚ್ಚು, ಚೌಕಗಳು ಎದ್ದು ಕಾಣತೊಡಗುತ್ತವೆ. ಅಲ್ಲಿಗೆ ಹೋಗಬೇಕಾಗಿ ಬಂದರೆ ಪಿಕ್ಸೆಲ್ ಇಳಿಸಿದ್ದು ಸಾಲದು ಅಂತಲೇ ಅರ್ಥ, ಹಿಂದಿನ ಹೆಜ್ಜೆಗೆ ಹೋಗಿ.

ತೂಕ ಕಡಿಮೆ ಆಯಿತು ಅಂತ ತಿರಸ್ಕಾರವಾದರೆ

ಬ್ಯಾಂಕ್ ಪರೀಕ್ಷೆ ಬರೆಯುವವರಿಗೆ ಇದು ಗೊತ್ತು. ಆ ಪರೀಕ್ಷೆ ನಡೆಸುವ ಐಬಿಪಿಎಸ್ ಸಂಸ್ಥೆಯ ಅಧಿಸೂಚನೆಗಳಲ್ಲಿ ಕಾಣುವ ಅಳತೆ ಹೀಗಿದೆ: ಫೋಟೋ 200×230 ಪಿಕ್ಸೆಲ್, 20ರಿಂದ 50 ಕೆಬಿ. ಸಹಿ 140×60 ಪಿಕ್ಸೆಲ್, 10ರಿಂದ 20 ಕೆಬಿ. ನೀವು ತುಂಬುವ ವರ್ಷದ ಅಧಿಸೂಚನೆಯನ್ನೇ ನೋಡಿಕೊಳ್ಳಿ, ಲೆಕ್ಕದ ದಾರಿ ಮಾತ್ರ ಇದೇ.

ಸಹಿಯನ್ನು ನೋಡಿ. 140×60 ಅಂದರೆ 8,400 ಪಿಕ್ಸೆಲ್, ಒತ್ತದೆ ಇಟ್ಟರೂ 25,200 ಬೈಟ್. ಬಿಳಿ ಹಾಳೆಯ ಮೇಲೆ ಒಂದು ಕಪ್ಪು ಗೀಟು. ಜೆಪೆಗ್ ಇದನ್ನು ಎರಡು ಮೂರು ಕೆಬಿಗೆ ಇಳಿಸಿಬಿಡುತ್ತದೆ. 10 ಕೆಬಿ ಎಲ್ಲಿಂದ ತರುವುದು? "ಸರ್, ಕಡಿಮಿ ಆತು ಅಂತೈತ್ರಿ" ಅನ್ನುವ ದೂರಿನ ಗುಟ್ಟು ಇಷ್ಟೇ. ಅಧಿಸೂಚನೆಯಲ್ಲಿ ಆ ಪಿಕ್ಸೆಲ್ ಅಳತೆಯ ಮುಂದೆ ‘ಪ್ರಿಫರ್ಡ್’ (ಇದ್ದರೆ ಒಳ್ಳೆಯದು) ಅಂತ ಇದ್ದರೆ ಅದೇ ಅನುಪಾತದಲ್ಲಿ ದೊಡ್ಡದು ಮಾಡಿ: 280×120, ಕ್ವಾಲಿಟಿ 95. ಆಗಲೂ ಸಾಲದಿದ್ದರೆ 420×180. ಫೋಟೋಗೂ ಹಾಗೆಯೇ, 400×460 ಇಟ್ಟು ಕ್ವಾಲಿಟಿ 85ರ ಆಸುಪಾಸು ಆಡಿಸಿದರೆ 20–50ರ ನಡುವೆ ಬಂದು ಕೂರುತ್ತದೆ, ಮುಖವೂ ಸ್ಪಷ್ಟ. ಅಳತೆ ಕಡ್ಡಾಯ ಅಂತಿದ್ದರೆ ಪಿಕ್ಸೆಲ್ ಬದಲಿಸದೆ ಕ್ವಾಲಿಟಿ 100 ಮಾಡಿ, 4:4:4 ಇಡಿ.

ದೊಡ್ಡದು ಮಾಡುವುದೆಂದರೆ ಮೂಲದಿಂದ ಮತ್ತೆ ಇಳಿಸುವುದು, ಪುಟ್ಟ ಫೈಲನ್ನು ಹಿಗ್ಗಿಸುವುದಲ್ಲ. ಸಹಿಯನ್ನು ಬಿಳಿ ಹಾಳೆಯಲ್ಲಿ ಕಪ್ಪು ಶಾಯಿಯಿಂದ ಮಾಡಿ, ಹಗಲು ಬೆಳಕಿನಲ್ಲಿ ನೇರ ಮೇಲಿಂದ ತೆಗೆದು, ಸಹಿಯ ಸುತ್ತ ಬಿಗಿಯಾಗಿ ಕತ್ತರಿಸಿ. ದೊಡ್ಡ ಹಾಳೆಯ ಮೂಲೆಯಲ್ಲಿ ಇರುವೆಯಂತೆ ಕೂತ ಸಹಿ ಏರಿದರೂ ಪರಿಶೀಲಿಸುವವರಿಗೆ ಓದಲು ಬರಬೇಕಲ್ಲ.

ಅಂಕಪಟ್ಟಿ, ಪಹಣಿ, ಜಾತಿ ಪ್ರಮಾಣಪತ್ರ

ಇವನ್ನು ಪಿಡಿಎಫ್ ಮಾಡಿ ಏರಿಸುವಾಗಲೂ ಒಳಗಿರುವುದು ಚಿತ್ರವೇ. ಫೋನಿನ ಫೋಟೋವನ್ನು ಹಾಗೇ ಪಿಡಿಎಫ್ ಮಾಡಿದರೆ ಭಾರವೂ ಹಾಗೇ ಬರುತ್ತದೆ. ಎ4 ಹಾಳೆ 200 ಡಿಪಿಐನಲ್ಲಿ 1654×2339 ಪಿಕ್ಸೆಲ್, 150ರಲ್ಲಿ 1240×1754. ಓದಲು 150 ಸಾಕು, ಸಣ್ಣ ಅಕ್ಷರದ ಪಹಣಿಗೆ 200 ಇರಲಿ. ಬಣ್ಣದ ಅಗತ್ಯವಿಲ್ಲದಿದ್ದರೆ ಗ್ರೇಸ್ಕೇಲ್ ಆರಿಸಿ. ಜಿಪ್ ಮಾಡಿದರೆ ಇಳಿಯುತ್ತದೆ ಎಂಬ ನಂಬಿಕೆ ಬೇಡ, ಜೆಪೆಗ್ ಆಗಲೇ ಒತ್ತಿದ ಸರಕು, ಅದನ್ನು ಜಿಪ್ ಇನ್ನು ಒತ್ತಲಾರದು. ಇಮೇಲ್‌ನಲ್ಲಿ ಕಳಿಸುವವರು ಇನ್ನೊಂದು ತಿಳಿದಿರಲಿ: ಅಂಚೆಗೆ ಹೋಗುವಾಗ ಲಗತ್ತನ್ನು ಅಕ್ಷರ ರೂಪಕ್ಕೆ ತಿರುಗಿಸುತ್ತಾರೆ, ಮೂರನೇ ಒಂದು ಭಾಗ ತೂಕ ಏರುತ್ತದೆ. ಜಿಮೇಲ್‌ನ 25 ಎಂಬಿ ಮಿತಿಯಲ್ಲಿ 18 ಎಂಬಿಗಿಂತ ಹೆಚ್ಚು ಹಾಕದಿರುವುದೇ ಲೇಸು.

ನಿಮ್ಮದೇ ವೆಬ್‌ಸೈಟ್ ಇದ್ದರೆ

ರಬಕವಿ–ಬನಹಟ್ಟಿಯ ನೇಕಾರ ಮನೆಯಿರಲಿ, ವಿಜಯಪುರದ ಒಣದ್ರಾಕ್ಷಿ ವ್ಯಾಪಾರವಿರಲಿ, ಬೆಳಗಾವಿಯ ಕುಂದಾ ಅಂಗಡಿಯಿರಲಿ, ಸಣ್ಣ ವೆಬ್‌ಸೈಟ್ ಅಂದರೆ ಹೆಚ್ಚಾಗಿ ವೆಬ್‌ಸೈಟ್ ಕಟ್ಟುವ ತಂತ್ರಾಂಶ ವರ್ಡ್‌ಪ್ರೆಸ್, ಅದರ ಕೆಳಗೆ ಅದನ್ನು ನಡೆಸುವ ಪ್ರೋಗ್ರಾಮಿಂಗ್ ಭಾಷೆ ಪಿಎಚ್‌ಪಿ. ಪಿಎಚ್‌ಪಿಯನ್ನು ಯಾರೂ ಮುಟ್ಟದೆ ಬಿಟ್ಟರೆ ಒಂದು ಫೈಲಿಗೆ 2 ಎಂಬಿ, ಒಂದು ಸಲಕ್ಕೆ ಕಳಿಸುವ ಇಡೀ ಫಾರ್ಮಿಗೆ 8 ಎಂಬಿ, ಒಟ್ಟಿಗೆ 20 ಫೈಲು, ಇವು ಅದರ ಮಿತಿ. ಮುಂದೆ ನಿಂತ ಸರ್ವರ್ ಎನ್‌ಜಿನ್‌ಎಕ್ಸ್ ಆಗಿದ್ದರೆ ಅದರದ್ದು ಇನ್ನೂ ಬಿಗಿ, 1 ಎಂಬಿ. ಈ ಬಾಗಿಲುಗಳಲ್ಲಿ ಯಾವುದು ಚಿಕ್ಕದೋ ಅದೇ ನಿಮ್ಮ ನಿಜವಾದ ಮಿತಿ. ಪರದೆಯಲ್ಲಿ 413 ಎಂಬ ಸಂಖ್ಯೆ ಕಂಡರೆ ತಡೆದದ್ದು ಸರ್ವರ್ ಅಂತ ತಿಳಿಯಿರಿ. ಏನೂ ಕಾಣದೆ ಫಾರ್ಮು ಖಾಲಿಯಾಗಿ ಮರಳಿ ಬಂದರೆ ಆ 8 ಎಂಬಿ ದಾಟಿರುವ ಸಾಧ್ಯತೆ ಹೆಚ್ಚು: ಒಂದೊಂದೇ ಫೋಟೋ 2 ಎಂಬಿ ಒಳಗಿದ್ದರೂ ಐದಾರು ಸೇರಿದರೆ ಮುಗಿಯಿತು. ಪಿಎಚ್‌ಪಿ ಆಗ ಬಂದದ್ದೆಲ್ಲವನ್ನೂ ಚೆಲ್ಲಿಬಿಡುತ್ತದೆ.

ಹೋಸ್ಟಿಂಗ್‌ನವರಿಗೆ ಫೋನು ಮಾಡಿ ಮಿತಿ ಏರಿಸಿಕೊಳ್ಳಬಹುದು. ನನ್ನ ಸಲಹೆ, ಬೇಡ. 5 ಎಂಬಿ ಫೋಟೋ ಏರಿದರೂ ಅದನ್ನು ನೋಡುವವರು ಫೋನಿನಲ್ಲಿ, ಹಳ್ಳಿಯ ನೆಟ್‌ವರ್ಕಿನಲ್ಲಿ ಕಾಯಬೇಕು. ಉದ್ದದ ಬದಿ 1600 ಪಿಕ್ಸೆಲ್, ಜೆಪೆಗ್ 80 ಅಥವಾ ವೆಬ್‌ಪಿ 75, ಇಷ್ಟರಲ್ಲಿ ಸೀರೆಯ ಫೋಟೋ ಸಾಮಾನ್ಯವಾಗಿ ಕೆಲವು ನೂರು ಕೆಬಿಗೆ ಬರುತ್ತದೆ.

ತೂಕ ಮಿತಿಯೊಳಗಿದ್ದೂ ವರ್ಡ್‌ಪ್ರೆಸ್ ಏರಿಸಿದ ಮೇಲೆ ತಕರಾರು ತೆಗೆಯುತ್ತದೆಯೇ? ಅಲ್ಲಿ ಪಿಕ್ಸೆಲ್ ನೋಡಿ. ಸರ್ವರ್ ಚಿತ್ರವನ್ನು ಬಿಚ್ಚಿ ಸಣ್ಣ ದೊಡ್ಡ ಪ್ರತಿಗಳನ್ನು ಮಾಡಿಕೊಳ್ಳುತ್ತದೆ, ಬಿಚ್ಚಿದಾಗ ಒತ್ತಿದ ತೂಕಕ್ಕೆ ಬೆಲೆಯಿಲ್ಲ. 108 ಮೆಗಾಪಿಕ್ಸೆಲ್ ಕ್ಯಾಮೆರಾದ 12000×9000 ಚಿತ್ರ ಬಿಚ್ಚಿದರೆ ಪಿಕ್ಸೆಲ್‌ಗೆ 4 ಬೈಟಿನಂತೆ 43 ಕೋಟಿ ಬೈಟ್ ದಾಟುತ್ತದೆ. ಅಗ್ಗದ ಹೋಸ್ಟಿಂಗ್‌ನ ಮೆಮೊರಿಗೆ ಅದು ತಡೆಯದು. 2019ರ ವರ್ಡ್‌ಪ್ರೆಸ್ 5.3ರಿಂದ 2560 ಪಿಕ್ಸೆಲ್ ಮೀರಿದ ಚಿತ್ರವನ್ನು ಅದೇ ಇಳಿಸಿಕೊಳ್ಳುತ್ತದೆ ನಿಜ, ಆದರೆ ಇಳಿಸಲು ಮೊದಲು ಬಿಚ್ಚಲೇಬೇಕಲ್ಲ. ಆವೃತ್ತಿ ಹಳೆಯದಾದರೆ ವೆಬ್‌ಪಿ ಏರುವುದಿಲ್ಲ, ಅದಕ್ಕೆ 2021ರ 5.8 ಬೇಕು. ಎವಿಐಎಫ್‌ಗೆ 2024ರ 6.5.

ಎಲ್ಲ ಸರಿ ಇದ್ದೂ ಏರದಿದ್ದರೆ

ಹೆಸರಿನ ಕೊನೆಯ ಪಿಎನ್‌ಜಿ ಅಳಿಸಿ ಜೆಪಿಜಿ ಅಂತ ಬರೆದರೆ ಫೈಲು ಬದಲಾಗುವುದಿಲ್ಲ. ಫೈಲಿನ ಮೊದಲ ಕೆಲವು ಬೈಟ್‌ಗಳಲ್ಲೇ ಅದು ಯಾವ ಜಾತಿಯದು ಎಂಬ ಗುರುತಿರುತ್ತದೆ, ತಾಣಗಳು ಅದನ್ನು ನೋಡುತ್ತವೆ. ತೆರೆದು ‘ಸೇವ್ ಆ್ಯಸ್’ ಮಾಡಿ. ಇದಕ್ಕೊಂದು ಅಪವಾದ ಉಂಟು: ವಿಂಡೋಸ್‌ನಲ್ಲಿ ಇಳಿಸಿಕೊಂಡ ಫೋಟೋ ಕೆಲವೊಮ್ಮೆ ಜೆಫಿಫ್ ಎಂಬ ಬಾಲ ಹಚ್ಚಿಕೊಂಡು ಬರುತ್ತದೆ. ಅದು ಜೆಪೆಗ್ಗೇ, ಹೆಸರು ಬದಲಿಸಿದರೆ ಸಾಕು.

ಫ್ಲೆಕ್ಸ್ ಬ್ಯಾನರ್ ಮಾಡುವವರಿಂದ ತಂದ ಜೆಪೆಗ್ ಮುದ್ರಣದ ನಾಲ್ಕು ಬಣ್ಣಗಳ ಸಿಎಂವೈಕೆಯಲ್ಲಿ ಇರಬಹುದು. ವೆಬ್‌ಗೆ ಬೇಕಾದದ್ದು ಪರದೆಯ ಬಣ್ಣಗಳ ಎಸ್‌ಆರ್‌ಜಿಬಿ, ಅವರಿಗೇ ಹೇಳಿ ಬದಲಿಸಿ ತನ್ನಿ. ಐಫೋನಿನ ಫೋಟೋದಲ್ಲಿ ಏರಿಸಿದ ಮೇಲೆ ಕೆಂಪು ಸಪ್ಪೆಯಾದರೂ ಕಾರಣ ಇದರ ತಮ್ಮನೇ: ಆ ಫೋನು ಇನ್ನೂ ಅಗಲವಾದ ಬಣ್ಣದ ಶ್ರೇಣಿ ಬಳಸುತ್ತದೆ, ಎಸ್‌ಆರ್‌ಜಿಬಿಗೆ ತಿರುಗಿಸದೆ, ಯಾವ ಶ್ರೇಣಿ ಅಂತ ಹೇಳುವ ಬಣ್ಣದ ಪ್ರೊಫೈಲ್ ಕಿತ್ತುಹಾಕಿದರೆ ಹಾಗಾಗುತ್ತದೆ. ಫೋಟೋ ಅಡ್ಡ ಮಲಗಿ ಏರಿದರೆ ಫೋನು ಅದನ್ನು ನಿಜವಾಗಿ ತಿರುಗಿಸದೆ ‘ತಿರುಗಿಸಿ ತೋರಿಸು’ ಅಂತ ಚೀಟಿ ಮಾತ್ರ ಅಂಟಿಸಿದೆ ಎಂದರ್ಥ. ಎಡಿಟರ್‌ನಲ್ಲಿ ತೆರೆದು ನೆಟ್ಟಗೆ ಮಾಡಿ ಮತ್ತೆ ಉಳಿಸಿ. ಫೈಲಿನ ಹೆಸರು ಇಂಗ್ಲಿಷ್ ಅಕ್ಷರ, ಅಂಕಿಗಳಲ್ಲಿ ಚಿಕ್ಕದಾಗಿರಲಿ, ನಡುವೆ ಜಾಗ, ಚುಕ್ಕೆ ಬೇಡ. ಹಳೆಯ ತಾಣಗಳಿಗೆ ಕನ್ನಡದ ಹೆಸರು ಇನ್ನೂ ಜೀರ್ಣವಾಗುವುದಿಲ್ಲ.

ಮೇಲೆ ಹೇಳಿದ ಚೀಟಿಯಂಥವು ಫೋಟೋದೊಳಗೆ ಇನ್ನೂ ಇವೆ: ತೆಗೆದ ದಿನ, ಫೋನಿನ ಮಾದರಿ, ಲೊಕೇಶನ್ ಆನ್ ಇದ್ದರೆ ತೆಗೆದ ಜಾಗದ ಅಕ್ಷಾಂಶ ರೇಖಾಂಶ, ಜೊತೆಗೊಂದು ಪುಟ್ಟ ಪ್ರತಿಚಿತ್ರ. 20 ಕೆಬಿ ಮಿತಿಯ ಫೈಲಿನಲ್ಲಿ ಈ ಸಾಮಾನೇ ಅರ್ಧ ಜಾಗ ತಿಂದಿರಬಹುದು. ಮನೆಯಲ್ಲೇ ಮಗ್ಗ, ಮನೆಯಲ್ಲೇ ವ್ಯಾಪಾರ ಇರುವವರು ಮನೆಯ ನಿಖರ ಜಾಗವನ್ನು ಪ್ರತಿ ಸೀರೆಯ ಜೊತೆ ಹಂಚುವ ಅಗತ್ಯವೂ ಇಲ್ಲ. ಸ್ಕ್ವೂಶ್‌ನಿಂದ ಹೊರಬರುವ ಚಿತ್ರದಲ್ಲಿ ಇವು ಉಳಿಯುವುದಿಲ್ಲ. ಜಿಂಪ್‌ನಲ್ಲಿ ಎಕ್ಸ್‌ಪೋರ್ಟ್ ಮಾಡುವಾಗ ‘ಎಕ್ಸಿಫ್’ (ಈ ಚೀಟಿಗಳ ಹೆಸರು) ಮತ್ತು ‘ಥಂಬ್‌ನೇಲ್’ ಮುಂದಿನ ಗುರುತು ತೆಗೆಯಿರಿ. ಆಧಾರ್, ಸಹಿ, ಹೆಬ್ಬೆಟ್ಟು ಇಂಥವನ್ನಂತೂ, ಫೋಟೋ ಕುಗ್ಗಿಸಿಕೊಡುವ ಅಪರಿಚಿತ ತಾಣಗಳಿಗೆ ಹಾಕಲೇಬೇಡಿ, ಅಂಗಡಿಯ ಕಂಪ್ಯೂಟರಿನಲ್ಲಿ ಮಾಡಿಸಿದ್ದರೆ ಎದ್ದು ಬರುವ ಮುನ್ನ ಡೌನ್‌ಲೋಡ್ಸ್ ಫೋಲ್ಡರಿನಿಂದಲೂ ರಿಸೈಕಲ್ ಬಿನ್‌ನಿಂದಲೂ ಅಳಿಸಿಸಿ.